ಆರತಿ ಎತ್ತಿಸಿಕೊಂಡ ಸರ್ಟಿಫಿಕೇಟು

ಆಯುಧಪೂಜೆಯ ದಿನ ಅರಕಲಗೂಡಿನಲ್ಲಿ ನನ್ನ ಹಿರಿಯ ವಾರಗಿತ್ತಿ ತಮ್ಮ ಮಗಳು ರೇಖಾಳ ಕಂಪ್ಯೂಟರ್ ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ಕುಡುಗೋಲು, ಗುದ್ದಲಿಗಳ ನಡುವೆ ನಿಲ್ಲಿಸಿ ಆರತಿ ಎತ್ತಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ಮೊಮ್ಮಕ್ಕಳೇ, ನನ್ನ ಮಗಳು, ಅಂದರೆ ನಿಮ್ಮಮ್ಮ ಸುಮಿತ್ರಾ, ಆಗ ಹೊಳೆನರಸೀಪುರದ ಕಂಪ್ಯೂಟರ್ ಅಂಗಡಿಯಲ್ಲಿ ವರ್ಷಗಳಿಂದ ದುಡಿಯುತ್ತಿದ್ದಳು. ಕೆಟ್ಟ ಕಂಪ್ಯೂಟರ್ ಬಿಚ್ಚಿ ಸರಿಮಾಡುವುದನ್ನೂ ಅಲ್ಲೇ ಕಲಿತಿದ್ದಳು. ಆದರೆ ಹೀಗೆ ಹೂವು ಮುಡಿಸಲು ಅವಳ ಹೆಸರಿನ ಒಂದು ಕಾಗದವೂ ನಮ್ಮ ಮನೆಯಲ್ಲಿರಲಿಲ್ಲ.

“ನಿನ್ ಮಗ್ಳು ಇಷ್ಟ್ ವರ್ಸದಿಂದ ಕಂಪ್ಯೂಟ್ರು ಕುಟ್ತಾನೇ ಅವ್ಳೆ. ಅವ್ಳ್ಗೇನ್ ಕೊಟ್ರಮ್ಮಿ?” ಎಂದು ವಾರಗಿತ್ತಿ ಎಲ್ಲರೆದುರೇ ಕೇಳಿದರು. ನಾನು ಊಟದ ಕೆಲಸದ ನೆಪ ಮಾಡಿ ಒಳಗೆ ಹೋದೆ.

ಅಡುಗೆಮನೆಯಲ್ಲಿ ಊಟದ ಎಲೆ ಒರೆಸುತ್ತಿದ್ದಾಗ ರೇಖಾ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಳು.

“ಚಿಕ್ಕವ್ವ, ಸುಮಿತ್ರಕ್ಕನ್ ಕಂಡ್ರೆ ನಂಗೆ ಹೊಟ್ಟೆ ಉರೀತದೆ ಕಣವ್ವ. ಕೆಲ್ಸ ಕೇಳಕ್ಕೆ ಹೋದ್ರೆ ಎಲ್ರೂ ‘ಎಲ್ಲಿ ಕೆಲ್ಸ ಮಾಡಿದ್ದೀಯ’ ಅಂತಾರೆ. ಗಾಜ್ ಹಾಕ್ಸಿದ್ ಕಾಗ್ದ ತೋರ್ಸಿದ್ರೆ ಸಾಕಾಯ್ತದಾ? ಅಕ್ಕನ್ ಅಂಗ್ಡೀಲಿ ನನ್ನೂ ಸೇರಿಸ್ಕೊಳ್ಳಕ್ಕೆ ಒಂದ್ ಮಾತ್ ಹೇಳವ್ವ,” ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಬೆರಗಾಗಿ ಅವಳ ಮುಖವನ್ನೇ ನೋಡಿದೆ. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮೊಮ್ಮಕ್ಕಳೇ, ಆ ಸಂಜೆ ಬಸ್ಸಿಳಿದು ಮನೆ ಸೇರಿದವಳೇ ಆರತಿ ಎತ್ತಿದ್ದನ್ನೂ ರೇಖಾಳ ಹೊಟ್ಟೆಯುರಿಯನ್ನೂ ನಿಮ್ಮಮ್ಮನಿಗೆ ಹೇಳಿದೆ. ಆದರೆ ಅವಳನ್ನು ಅಂಗಡಿಗೆ ಸೇರಿಸುವ ಮಾತು ಬಾಯಿಗೆ ಬರುವ ಮುಂಚೆಯೇ “ನೀನೂ ಆ ಸರ್ಟಿಫಿಕೇಟಿನ ಪರೀಕ್ಷೆ ಬರೆದು ಬುಡವ್ವ” ಎಂದುಬಿಟ್ಟಿದ್ದೆ. ನಿಮ್ಮಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.