ಸರ್ಪಸುತ್ತು ಮತ್ತು ಸುಮಾಳ ಕಿಡ್ನಿ

ಹೋದ ತಿಂಗಳು ನನ್ನ ಸೊಂಟಕ್ಕೆ ಹಾವೊಂದು ಸುತ್ತಿಕೊಂಡಿತ್ತು. ಗಾಬರಿಯಾಗಬೇಡಿ, ಸರ್ಪಸುತ್ತು! ಒಂದು ಪಕ್ಕಕ್ಕೆ ಸಾಲಾಗಿ ಕೆಂಪು ಗುಳ್ಳೆ, ಮೈಯೆಲ್ಲ ಉರಿ.

ಬೇರೆಯವರಿಗಾದರೆ ಇದು ನಾಲ್ಕು ದಿನದ ರಗಳೆ. ನನಗೆ ಹಾಗಲ್ಲ. ನನ್ನ ಹೊಟ್ಟೆಯಲ್ಲಿರುವುದು ಹೆಂಡತಿ ಸುಮಾ ಕೊಟ್ಟ ಕಿಡ್ನಿ (ನನ್ನವೆರಡೂ ಎಂದೋ ಕೈಕೊಟ್ಟಿವೆ). ಮೈ ಅದನ್ನು ಹೊರಗಿನದೆಂದು ತಿಳಿದು ದಾಳಿ ಮಾಡಬಾರದಲ್ಲ? ಅದಕ್ಕೇ ದಿನಾ ಮಾತ್ರೆ ನುಂಗಿ ರೋಗನಿರೋಧಕ ಶಕ್ತಿಯನ್ನು ಅರೆನಿದ್ದೆಯಲ್ಲಿ ಇಟ್ಟಿದ್ದೇನೆ. ಬಾಲ್ಯದ ಸೀತಾಳೆ ಸಿಡುಬಿನ ವೈರಸ್ಸು ನರದೊಳಗೆ ಅಡಗಿ ಇದಕ್ಕೇ ಕಾಯುತ್ತಿತ್ತಂತೆ. ಅದು ಮೈತುಂಬ ಹರಡಿದರೆ ಆ ಮಾತ್ರೆ ಇಳಿಸಬೇಕು. ಇಳಿಸಿದರೆ ಕಿಡ್ನಿಗೇ ಕುತ್ತು.

ಫೋಟೋ ನೋಡಿದ ಹುಬ್ಬಳ್ಳಿಯ ಡಾಕ್ಟರು, "ಇವತ್ತ ಬರ್ರಿ, ಮುಂದ ಹಾಕಬ್ಯಾಡ್ರಿ" ಎಂದರು.

ಯಲ್ಲಾಪುರದ ಮನೆಯಿಂದ ಇನ್ನೇನು ಹೊರಡಬೇಕು, ವಾನಳ್ಳಿಯ ನನ್ನ ಸೋದರತ್ತೆ ಪ್ರತ್ಯಕ್ಷ! (ಸುದ್ದಿ ಹೇಗೆ ಮುಟ್ಟಿತೋ? ನಮ್ಮ ಕಡೆ ವಾಟ್ಸಾಪಿಗಿಂತ ಅತ್ತೆಯಂದಿರು ಫಾಸ್ಟು.) ಒಂದು ಕೈಯಲ್ಲಿ ಕೆಮ್ಮಣ್ಣು, ಇನ್ನೊಂದರಲ್ಲಿ ಅಮೃತಬಳ್ಳಿ ಕಷಾಯದ ಬಾಟಲಿ.

"ಹೆಡೆ-ಬಾಲ ಕೂಡಿರೆ ಜೀವಕ್ಕೇ ಕಷ್ಟ ಮಾರಾಯಾ! ಮಧ್ಯ ಕೆಮ್ಮಣ್ಣು ಬಳೀತೆ. ಕಷಾಯ ಕುಡಿ, ನಿಂಗೆ ಶಕ್ತಿಯೇ ಇಲ್ಲೆ."

"ಅತ್ತೆ, ಇವ್ಕೆ ಆ ಶಕ್ತಿ ಬರಲಾಗ!" ಸುಮಾ ಬಾಟಲಿ ಕಸಿದುಕೊಂಡಳು.

ಗಂಡನಿಗೆ ಶಕ್ತಿ ಬರಬಾರದು ಎನ್ನುವ ಹೆಂಡತಿಯನ್ನು ಅತ್ತೆ ನೋಡಿದ್ದು ಇದೇ ಮೊದಲು. ಅವರದ್ದಾದರೂ ಏನು ತಪ್ಪು? ಟಿವಿಯಿಂದ ಬಿಸ್ಕಿಟ್ ಪ್ಯಾಕೆಟ್ಟಿನವರೆಗೆ ಎಲ್ಲವೂ ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಎನ್ನುತ್ತವೆ. ಅದು ಹೆಚ್ಚಿದರೆ ಅಪಾಯ ಎನ್ನುವ ನನ್ನಂಥ ಗಿರಾಕಿಯನ್ನು ಯಾರು ನಂಬಬೇಕು?

"ಚೆಲ್ಲಡ, ಆನೇ ಕುಡೀತೆ" ಎಂದ ಅತ್ತೆ ಕಷಾಯವನ್ನು ಗಟಗಟ ಮುಗಿಸಿ, ನಮಗಿಂತ ಮೊದಲೇ ಕಾರಿನಲ್ಲಿ ಕೂತರು.

ಕಾರು ಹುಬ್ಬಳ್ಳಿಯ ದಾರಿ ಹಿಡಿಯಿತು. ನಿಜ ಹೇಳಲೇ? ನನಗೆ ಭಯವಾಗಿತ್ತು. ಉರಿಯದ್ದಲ್ಲ. ಇವಳು ಮೈ ಕೊಯ್ಸಿಕೊಂಡು ಕೊಟ್ಟದ್ದನ್ನು ನಾನು ಕಳೆದುಬಿಟ್ಟರೆ ಎಂದು.

ಅಂದೇ ವೈರಸ್ಸಿನ ಮಾತ್ರೆ ಶುರುವಾಯಿತು. ಗುಳ್ಳೆ ಒಣಗಿದವು. ಮೊನ್ನೆ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರು ನಕ್ಕರು. "ಏನೂ ಆಗಿಲ್ರಿ. ನಿಮ್ಮ ಕಿಡ್ನಿ ಭಾಳ ಗಟ್ಟಿ ಐತಿ."

ಥ್ಯಾಂಕ್ಸ್ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಸುಮಾ ಅಂದಳು: "ಇರ್ದೇ ಎಂತ ಡಾಕ್ಟ್ರೇ, ನಂದಲ್ವಾ?"