ಹದಿನೆಂಟು ಹೆಬ್ಬೆಟ್ಟು

ಜಯನಗರದ ಆ ಅಡ್ಡರಸ್ತೆಯ ಮೂಲೆಮನೆಗೆ ಮೇಷ್ಟರೊಬ್ಬರು ಬಾಡಿಗೆಗೆ ಬಂದದ್ದು ೧೯೬೦ರಲ್ಲಿ. ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ ಅವರು ಬಸ್ಸಿಗೆ ಕಾಯುತ್ತ ನಿಂತಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರು. ಮುಚ್ಚುಕೋಟು, ಕಚ್ಚೆಪಂಚೆ, ಕರಿಯ ಟೋಪಿ, ಕಂಕುಳಲ್ಲಿ ಛತ್ರಿ. ಎದುರುಮನೆಯ ಗಂಗಾಧರಯ್ಯನವರು. ಮಾತಿಗೆ ಮಾತು ಬಂದು, ಅವರು ಶಾಸನಸಭೆಯ ಕಚೇರಿಯಲ್ಲಿ ಹಿರಿಯ ಗುಮಾಸ್ತರೆಂದು ತಿಳಿಯಿತು. ಮೇಷ್ಟರಿಗೆ ಕಿವಿ ನಿಮಿರಿತು.

"ಹಾಗಾದ್ರೆ ಸಾರ್, ನಿನ್ನೆ ಸಭೇಲಿ ಏನೋ ದೊಡ್ಡ ಗಲಾಟೆಯಂತಲ್ಲ?"

"ಹೌದಾ? ಪೇಪರಿನಲ್ಲಿ ಬಂದಿದೆಯಾ?"

"ಬಂದಿದೆ, ಮೊದಲನೇ ಪುಟದಲ್ಲೇ."

"ಬಂದಿದ್ರೆ ಆಗಿರಬೇಕು. ನಾನಿನ್ನೂ ಓದಿಲ್ಲ," ಎಂದು ಗಂಗಾಧರಯ್ಯನವರು ಆಕಾಶ ನೋಡಿದರು. "ಇವತ್ತು ಮಳೆ ಬರೋ ಹಾಗಿದೆ, ಅಲ್ವೇ?"

ಗಲಾಟೆಯಾದಾಗ ಅವರು ಹತ್ತು ಮಾರು ದೂರದಲ್ಲಿ ಕಾಗದದ ಕಟ್ಟು ಹಿಡಿದು ಕುಳಿತಿದ್ದರೆಂಬುದು ಮೇಷ್ಟರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಗಂಗಾಧರಯ್ಯನವರು ಪಿಂಚಣಿಗೆ ಬಂದ ನಂತರ, ಒಂದು ಸಂಜೆ ಜಗಲಿಯ ಮೇಲೆ ತಾವಾಗಿಯೇ ಬಾಯಿ ಬಿಟ್ಟರು. ಇಲ್ಲಿರುವ ಕಥೆ ಅವರು ಆ ಸಂಜೆ ಹೇಳಿದ್ದು.

ಮಹಾರಾಜರ ಕಾಲದಲ್ಲಿ ನಕಲು ಗುಮಾಸ್ತರಾಗಿ ಸೇರಿದವರು ಅವರು. ಸಭೆ ಹಳೆಯ ಕಟ್ಟಡದಿಂದ ವಿಧಾನಸೌಧಕ್ಕೆ ಬಂದಾಗ ಕಡತಗಳ ಜೊತೆಗೆ ಅವರೂ ಬಂದರು. ಸದಸ್ಯರು ಐದು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಗುಮಾಸ್ತರು ಅಲ್ಲೇ ಇರುತ್ತಿದ್ದರು. ಹೊಸದಾಗಿ ಗೆದ್ದು ಬಂದವರು ಯಾವಾಗ ಏಳಬೇಕು, ಯಾವಾಗ ಕೂರಬೇಕು, ಪ್ರಶ್ನೆಯನ್ನು ಎಷ್ಟು ದಿನ ಮುಂಚೆ ಕೊಡಬೇಕು ಎಂಬುದನ್ನೆಲ್ಲ ಕಲಿಯುತ್ತಿದ್ದದ್ದು ಇಂಥವರ ಮೇಜಿನ ಮುಂದೆ ನಿಂತೇ. ಗಂಗಾಧರಯ್ಯನವರ ಪಾಲಿಗೆ ಬಂದದ್ದು ಅರ್ಜಿಗಳ ವಿಭಾಗ. ನಾಡಿನ ಯಾವ ಮೂಲೆಯವರಾದರೂ ಒಬ್ಬ ಸದಸ್ಯರ ಮೇಲುರುಜು ಹಾಕಿಸಿ ಸಭೆಗೆ ಅರ್ಜಿ ಕೊಡಬಹುದಿತ್ತು. ಅದು ನಿಯಮದಂತೆ ಇದೆಯೇ ಎಂದು ನೋಡಿ ಸದಸ್ಯರ ಸಮಿತಿಯ ಮುಂದಿಡುವುದು ಅವರ ಕೆಲಸ.

ಆ ಕೆಲಸದಲ್ಲಿ ಅವರಿಗೆ ಎರಡು ವ್ರತಗಳಿದ್ದವು. ಕಚೇರಿಯ ಮಾತನ್ನು ಮನೆಗೆ ತರಕೂಡದು. ಅರ್ಜಿಯಲ್ಲಿ ತಪ್ಪೇನೆಂದು ಹೇಳಬಹುದು, ಆದರೆ ತಿದ್ದಿ ಬರೆದುಕೊಡಕೂಡದು. "ಪರೀಕ್ಷೆ ಮಾಡೋ ಕೈಯೇ ಉತ್ತರ ಬರೆದರೆ ಆಯ್ತೇ ಮೇಷ್ಟ್ರೇ?" ಎಂದು ಅವರು ಕೇಳಿದಾಗ ಮೇಷ್ಟರು ತಲೆಯಾಡಿಸಬೇಕಾಯಿತು.

ಮನೆಗೆ ಹಾಲು ತರುತ್ತಿದ್ದವನು ಹೊಂಗೆಪಾಳ್ಯದ ತಿಮ್ಮರಾಯಪ್ಪ. ಬಡಾವಣೆಯ ದಕ್ಷಿಣದ ಅಂಚಿನಲ್ಲಿ ಹದಿನೆಂಟು ಮನೆಗಳ ಹಳ್ಳಿ ಅದು. ಅವನು ಅದರ ಯಜಮಾನ. ಅವನ ರಾಗಿಹೊಲಗಳೆಲ್ಲ ಬಡಾವಣೆಗೆ ಹೋಗಿ, ಅವುಗಳ ಮೇಲೆ ಈಗ ಸಾಲುಮನೆಗಳು ಎದ್ದಿದ್ದವು. ಗಂಗಾಧರಯ್ಯನವರ ಮನೆಯೂ ಅದರಲ್ಲೊಂದು. ತನ್ನದೇ ಹೊಲದಲ್ಲಿ ನಿಂತು ತಿಮ್ಮರಾಯಪ್ಪ ಪ್ರತಿದಿನ ಬೆಳಿಗ್ಗೆ ಹಾಲು ಅಳೆಯುತ್ತಿದ್ದ. ಅದಕ್ಕಾಗಿ ಅವನು ಕೊರಗಿದ್ದನ್ನು ಯಾರೂ ಕಂಡಿರಲಿಲ್ಲ. ಅವನಿಗೂ ಗಂಗಾಧರಯ್ಯನವರ ಹೆಂಡತಿ ಲಕ್ಷ್ಮಿದೇವಮ್ಮನವರಿಗೂ ಇದ್ದ ಜಗಳ ಬೇರೆಯದು.

"ತಿಮ್ಮರಾಯಪ್ಪ, ಹೆಬ್ಬೆಟ್ಟು ಆಚೆ ಇಡು. ಪಾವಿನೊಳಗೆ ನಿನ್ನ ಹೆಬ್ಬೆಟ್ಟೇ ಅರ್ಧ ತುಂಬಿರುತ್ತೆ."

"ಇದೇನ್ ಬೆಟ್ಟವಾ ತಾಯಿ? ಬೆಟ್ಟು!"

ಕುಡುಗೋಲು ತಗುಲಿ ಅವನ ಎಡಗೈ ಹೆಬ್ಬೆಟ್ಟಿನ ಮೇಲೆ ಅಡ್ಡಲಾಗಿ, ತುದಿಯಲ್ಲಿ ಕವಲೊಡೆದ ಗಾಯದ ಕಲೆಯಿತ್ತು. ದಿನಕ್ಕೊಂದು ಬಾರಿಯಂತೆ ಆರು ವರ್ಷ ಆ ಹೆಬ್ಬೆಟ್ಟಿನ ವಿಚಾರಣೆ ನಡೆದು, ಗಂಗಾಧರಯ್ಯನವರಿಗೆ ಅದು ತಮ್ಮ ಕೈಯಷ್ಟೇ ಪರಿಚಿತವಾಗಿಬಿಟ್ಟಿತ್ತು.

೧೯೬೧ರಲ್ಲಿ ಹಳ್ಳಿಯ ಕುಂಟೆಯಲ್ಲಿ ಅಳತೆಯ ಕಲ್ಲುಗಳು ಎದ್ದವು. ಹೊಸ ರಸ್ತೆ ಅದರ ಮೇಲೆಯೇ ಹಾಯುವುದಿತ್ತು. ದನಗಳಿಗೆ ನೀರು ಕುಡಿಯಲು ಇದ್ದದ್ದು ಅದೊಂದೇ ಕುಂಟೆ. ಹೊಲ ಹೋದ ಮೇಲೆ ಹದಿನೆಂಟು ಮನೆಗಳು ಜೀವ ಹಿಡಿದಿದ್ದದ್ದು ಹಾಲಿನಿಂದ. ಕುಂಟೆ ಮುಚ್ಚಿದರೆ ದನ ಮಾರಬೇಕು. ದನ ಮಾರಿದರೆ ಊರು ಬಿಡಬೇಕು.

ಯಾರೋ ಹೇಳಿದರೆಂದು ತಿಮ್ಮರಾಯಪ್ಪ ಸಭೆಗೆ ಅರ್ಜಿ ಕೊಡಿಸಿದ. ಅದರ ಜೊತೆಯಲ್ಲಿ ದಾರ ಕಟ್ಟಿದ ಒಂದು ಬಾಟಲಿಯೂ ಬಂತು. ಕಿರಿಯ ಗುಮಾಸ್ತ ವೆಂಕಟಾಚಲ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಸಾರ್, ನೀರು!"

"ಯಾವ ನೀರು?"

"'ನಮ್ಮ ಕುಂಟೆ ನೀರು ಎಷ್ಟು ಚೆನ್ನಾಗಿದೆ ಅಂತ ಮಹಾಸಭೆಯೋರು ಕುಡಿದು ನೋಡಬೇಕು' ಅಂತ ಬರೆದಿದ್ದಾರೆ ಸಾರ್."

ಅರ್ಜಿಗೆ ಏನನ್ನೂ ಲಗತ್ತಿಸಕೂಡದೆಂದು ನಿಯಮವಿತ್ತು. ಸದಸ್ಯರ ಮೇಲುರುಜೂ ಇರಲಿಲ್ಲ. ಗಂಗಾಧರಯ್ಯನವರು ತಪ್ಪುಗಳನ್ನು ಬರೆದು, ಕೊನೆಯಲ್ಲಿ "ಬಾಟಲಿ ಒಂದನ್ನು ಹಿಂದಿರುಗಿಸಿದೆ" ಎಂದು ಸೇರಿಸಿ ಕಳುಹಿಸಿದರು.

ಮರುವಾರ ಬೆಳಿಗ್ಗೆ ಹಾಲು ಅಳೆಯುತ್ತ ತಿಮ್ಮರಾಯಪ್ಪ ಕೇಳಿದ, "ಸ್ವಾಮಿ, ನಮ್ ಕಾಗ್ದ ತಿರುಗ್ ಬಂತಲ್ಲ. ತಮ್ಮ ಕಚೇರೀಲಿ ಯಾರೋ ಒಬ್ರು ಬಲೇ ಕಟ್ಟುನಿಟ್ಟಿನೋರು ಅವ್ರಂತೆ. ಯಾರು ಸ್ವಾಮಿ ಅವ್ರು?"

"ಇರಬಹುದು ಯಜಮಾನ್ರೇ," ಎಂದು ಗಂಗಾಧರಯ್ಯನವರು ಒಳಗೆ ಹೋದರು.

ಲಕ್ಷ್ಮಿದೇವಮ್ಮನವರು ಹಿಂದೆಯೇ ಬಂದರು. "ಅವನ ಹಾಲಲ್ಲಿ ಕಾಫಿ ಕುಡೀತೀರಿ. ಅವನ ಹೊಲದಲ್ಲಿ ಮಲಗ್ತೀರಿ. ನಾಲ್ಕು ಸಾಲು ಸರಿಯಾಗಿ ಬರೆದುಕೊಟ್ಟರೆ ನಿಮ್ಮ ಸಭೆ ಉರುಳಿಬೀಳುತ್ತಾ?"

ಆ ದಿನದ ಕಾಫಿಗೆ ಸಕ್ಕರೆ ಬಿದ್ದಿರಲಿಲ್ಲ. ಗಂಗಾಧರಯ್ಯನವರು ಅದನ್ನು ಹಾಗೆಯೇ ಕುಡಿದು ಕಚೇರಿಗೆ ಹೊರಟರು.

ಎರಡನೆಯ ಅರ್ಜಿ ಬಂದದ್ದು ಒಂದು ಶುಕ್ರವಾರ. ಈ ಬಾರಿ ಸದಸ್ಯರಾದ ಗುರುಬಸಪ್ಪನವರ ಮೇಲುರುಜು ಇತ್ತು. ಭಾಷೆ ವಿನಯವಾಗಿತ್ತು. ಬಾಟಲಿ ಇರಲಿಲ್ಲ. ಕೆಳಗೆ ಹದಿನೆಂಟು ಹೆಸರು, ಒಂದೊಂದರ ಎದುರಿಗೂ ಒಂದೊಂದು ಹೆಬ್ಬೆಟ್ಟು. ಅಧಿವೇಶನದ ಕೊನೆಯ ಸಮಿತಿ ಮಂಗಳವಾರ ಸೇರುವುದಿತ್ತು. ಅದು ತಪ್ಪಿದರೆ ಇನ್ನು ಆರು ತಿಂಗಳು. ಅಷ್ಟರಲ್ಲಿ ಕುಂಟೆಯ ಮೇಲೆ ಜಲ್ಲಿ ಬಿದ್ದಿರುತ್ತಿತ್ತು.

ಗಂಗಾಧರಯ್ಯನವರಿಗೆ ಹಿಗ್ಗಾಯಿತು. 'ಸರಿಯಿದೆ' ಎಂದು ಬರೆಯಲು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಆಗ ಕಣ್ಣು ಮೊದಲನೆಯ ಹೆಬ್ಬೆಟ್ಟಿನ ಮೇಲೆ ಬಿತ್ತು. ಅಡ್ಡಲಾಗಿ ಒಂದು ಬಿಳಿ ಗೆರೆ, ತುದಿಯಲ್ಲಿ ಕವಲು. ಎರಡನೆಯದನ್ನು ನೋಡಿದರು. ಅದೇ ಗೆರೆ, ಅದೇ ಕವಲು. ಭೂತಗನ್ನಡಿ ತೆಗೆದುಕೊಂಡು ಹದಿನೆಂಟನ್ನೂ ನೋಡಿದರು. ಹದಿನೆಂಟೂ ಅವರ ಮನೆಯ ಹಾಲಿನ ಪಾವಿನ ಮೇಲೆ ಕೂರುವ ಹೆಬ್ಬೆಟ್ಟೇ.

ಲೇಖನಿಯ ಮಸಿ ಆರಿತು.

"ಏನು ಸಾರ್, ತಪ್ಪಿದೆಯಾ? ನಾನು ನೋಡಿದೆ, ಎಲ್ಲಾ ಸರಿಯಿದೆ," ಎಂದ ವೆಂಕಟಾಚಲ.

ಅವನ ಮಾತು ಸುಳ್ಳಲ್ಲ. ಆ ಕಟ್ಟಡದಲ್ಲಿ ಬೇರೆ ಯಾರ ಕಣ್ಣಿಗೂ ಅದು ಬೀಳುವಂತಿರಲಿಲ್ಲ. ಎರಡಕ್ಷರ ಬರೆದರೆ ಅರ್ಜಿ ಸಮಿತಿಗೆ ಹೋಗುತ್ತಿತ್ತು. ಕುಂಟೆ ಉಳಿದರೂ ಉಳಿಯಬಹುದು. ಕಂಡದ್ದನ್ನು ಕಂಡಂತೆ ಬರೆದರೆ ಅದು ಸುಳ್ಳು ಅರ್ಜಿಯಾಗಿ, ಹಾಲು ಕೊಡುವವನ ಮೇಲೆಯೇ ಅಪವಾದ ಬರುತ್ತಿತ್ತು. ಸಮಿತಿಯವರು ಅರ್ಜಿದಾರರನ್ನು ಕರೆಸಿ ಕೇಳುವುದೂ ಉಂಟು. ಹಾಗೆ ಕೇಳಿದ ದಿನ ಹದಿನೇಳು ಮನೆಯವರು 'ನಮಗೆ ಗೊತ್ತಿಲ್ಲ' ಎಂದರೆ? ಗಂಗಾಧರಯ್ಯನವರು ಊಟದ ಡಬ್ಬಿಯನ್ನು ಬಿಚ್ಚದೆ ಮೂರು ಗಂಟೆಯವರೆಗೆ ಕುಳಿತಿದ್ದು, ಕೊನೆಗೆ ಬರೆದರು: "ಹೆಬ್ಬೆಟ್ಟಿನ ಗುರುತುಗಳಿಗೆ ಸಾಕ್ಷಿಯ ರುಜು ಇಲ್ಲ. ಪ್ರತಿಯೊಬ್ಬರಿಂದಲೂ ಹೊಸದಾಗಿ ಪಡೆದು ಸೋಮವಾರದೊಳಗೆ ಸಲ್ಲಿಸುವುದು."

ಬರೆದದ್ದು ನಿಜ, ಸಾಕ್ಷಿಯ ರುಜು ಇರಲಿಲ್ಲ. ಕಂಡದ್ದೆಲ್ಲವನ್ನೂ ಬರೆಯದೆ ಬಿಟ್ಟದ್ದು ಮೂವತ್ತು ವರ್ಷಗಳ ನೌಕರಿಯಲ್ಲಿ ಅದೇ ಮೊದಲು.

ಅರ್ಜಿಯನ್ನು ಟಪಾಲಿಗೆ ಹಾಕದೆ, ಗುರುಬಸಪ್ಪನವರ ಕೋಣೆಗೆ ತಾವೇ ನಡೆದುಕೊಂಡು ಹೋದರು. ಗುರುಬಸಪ್ಪನವರು ಕಾಗದ ನೋಡಿ ನಕ್ಕರು.

"ಏನ್ರೀ ಗಂಗಾಧರಯ್ಯ, ಹೆಬ್ಬೆಟ್ಟಿಗೂ ಸಾಕ್ಷಿಯೇ? ಯಾರು ನೋಡ್ತಾರ್ರೀ ಅದನ್ನ? ಮುಂದಕ್ಕೆ ಕಳಿಸಿ."

"ನೋಡಿದವನು ನಾನೊಬ್ಬ ಇದ್ದೀನಲ್ಲ ಸ್ವಾಮಿ."

ಗುರುಬಸಪ್ಪನವರು ಅವರ ಮುಖವನ್ನು ಒಮ್ಮೆ ದಿಟ್ಟಿಸಿದರು, ಮತ್ತೆ ನಗಲಿಲ್ಲ. ಹಳ್ಳಿಗೆ ಆ ಸಂಜೆಯೇ ಆಳು ಕಳುಹಿಸಿದರು.

ಶನಿವಾರ ಬೆಳಿಗ್ಗೆ ತಿಮ್ಮರಾಯಪ್ಪ ಹಾಲು ಅಳೆದು ಹೋಗದೆ, ಜಗಲಿಯ ಕಂಬಕ್ಕೆ ಒರಗಿ ನಿಂತ. ಹಿಂದಿರುಗಿಸಿದ ಕಾಗದ ಕಚೇರಿಯ ಕಾಗದವಲ್ಲ ಎಂದು ತಮ್ಮ ಮನಸ್ಸಿಗೆ ತಾವೇ ಸಮಾಧಾನ ಹೇಳಿಕೊಂಡು ಗಂಗಾಧರಯ್ಯನವರು ಹೊರಗೆ ಬಂದರು.

"ಸ್ವಾಮಿ, ನಾನು ಊರ ಯಜಮಾನ. ನಮ್ಮಪ್ಪ ಒತ್ತಿದ್ರೆ ಊರೇ ಒತ್ತಿದಂಗೆ. ನಾನ್ ಒತ್ತಿದ್ರೂ ಹಂಗೇಯ. ಹದಿನೆಂಟು ಕಿತ ಒತ್ತೀವ್ನಿ. ಅದು ಸಾಲ್ದಾ?"

"ಆ ಸಭೇಲಿ ಊರಿಗೊಬ್ಬ ಯಜಮಾನ ಅಂತ ಇಲ್ಲ ಯಜಮಾನ್ರೇ. ಒಂದು ಹೆಸರಿಗೆ ಅವರದೇ ಒಂದು ಹೆಬ್ಬೆಟ್ಟು."

"ಹೆಂಗಸ್ರುಗೂ?"

"ಹೆಂಗಸರಿಗೂ."

ತಿಮ್ಮರಾಯಪ್ಪ ಪಾವನ್ನು ಕ್ಯಾನಿನ ಮೇಲೆ ಮಗುಚಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಹದಿನಾರು ಮನೆಯೋರು ನಾನ್ ಕೂಗಿದ್ರೆ ಬತ್ತಾರೆ. ಒಂದು ಮನೆ ಬರಾಕಿಲ್ಲ. ಮುನಿವೆಂಕಟಮ್ಮ ಅಂತ, ಕುಂಟೆ ಪಕ್ಕದ ಮನೆ. ಒಂಬತ್ತು ವರ್ಸದಿಂದ ಮಾತಿಲ್ಲ, ಕತೆಯಿಲ್ಲ. ಅವಳನ್ನ ಕೇಳೋಕಾಗ್ದೆ ಅವಳದ್ನೂ ನಾನೇ ಒತ್ದೆ. ಅವಳದ್ ಒತ್ತಿದ್ಮ್ಯಾಕೆ ಮಿಕ್ಕಿದ್ನೂ ಒತ್ಬುಟ್ಟೆ."

"ಅಂಥಾ ಜಗಳ ಯಾತಕ್ಕೆ ಬಂತು?" ಎಂದು ಬಾಗಿಲ ಹಿಂದಿನಿಂದ ಲಕ್ಷ್ಮಿದೇವಮ್ಮನವರು ಕೇಳಿದರು.

"ಬದು ತಾಯಿ. ನನ್ ಹೊಲಕ್ಕೂ ಅವಳ್ ಹೊಲಕ್ಕೂ ನಡುವಿನ ಬದು. ಎರಡು ಗೇಣು ಒತ್ತರಿಸ್ಕಂಡೆ ಅಂತ ಅವಳು, ಇಲ್ಲ ಅಂತ ನಾನು."

"ಎಲ್ಲಿದೆ ಆ ಬದು ಈಗ?"

ತಿಮ್ಮರಾಯಪ್ಪ ಕತ್ತು ಚಾಚಿ ಒಳಗೆ ನೋಡಿದ. "ತಮ್ಮ ಅಡಿಗೆಮನೆ ಕೆಳಗೈತೆ ತಾಯಿ. ಒಲೆ ಐತಲ್ಲ, ಅಲ್ಲೇಯ."

ಮೊದಲು ನಕ್ಕವನು ತಿಮ್ಮರಾಯಪ್ಪನೇ. ಕ್ಯಾನು ಎತ್ತಿಕೊಂಡು ಹೊರಟ. ಗೇಟಿನವರೆಗೆ ಹೋಗಿ ತಿರುಗಿ, "ಆ ಕಟ್ಟುನಿಟ್ಟಿನೋರ್ಗೆ ಹೇಳಿ ಸ್ವಾಮಿ, ಈ ತಿಮ್ಮರಾಯಪ್ಪ ಅವಳ ಬಾಗಿಲ್ಗೆ ಹೋಗೋ ಹಂಗೆ ಮಾಡ್ಬುಟ್ರಿ ಅಂತ," ಎಂದ.

ಸೋಮವಾರ ಮಧ್ಯಾಹ್ನವಾದರೂ ಅರ್ಜಿ ಬರಲಿಲ್ಲ. ಗಂಗಾಧರಯ್ಯನವರು ನಾಲ್ಕು ಬಾರಿ ಎದ್ದು ಟಪಾಲಿನ ಮೇಜಿನವರೆಗೆ ಹೋಗಿ ಬಂದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಗುರುಬಸಪ್ಪನವರ ಆಳು ಏದುಸಿರು ಬಿಡುತ್ತ ಬಂದು ಕಾಗದ ಇಟ್ಟ. ಗಂಗಾಧರಯ್ಯನವರು ಭೂತಗನ್ನಡಿ ತೆಗೆದರು. ಹದಿನೆಂಟು ಹೆಬ್ಬೆಟ್ಟು, ಹದಿನೆಂಟು ಬಗೆ, ಒಂದೊಂದರ ಪಕ್ಕದಲ್ಲೂ ಸಾಕ್ಷಿಯ ರುಜು. ಕೆಲವು ಸಗಣಿ ಬಳಿದು ಸವೆದವು, ಒಂದು ಬಿರುಕುಬಿಟ್ಟದ್ದು, ಒಂದು ಎಳೆಯದು. ಎಲ್ಲಕ್ಕೂ ಮೇಲೆ, ಯಜಮಾನನ ಹೆಸರಿರಬೇಕಾದ ಜಾಗದಲ್ಲಿ ಮುನಿವೆಂಕಟಮ್ಮನದು. ಎಲ್ಲಕ್ಕೂ ಕೊನೆಯಲ್ಲಿ, ಬಿಳಿ ಗೆರೆಯ, ಕವಲೊಡೆದ ಒಂದು ಹೆಬ್ಬೆಟ್ಟು. ಅವರು 'ಸರಿಯಿದೆ' ಎಂದು ಬರೆದು, ತಮ್ಮ ರುಜುವನ್ನು ಎಂದಿಗಿಂತ ಸ್ವಲ್ಪ ದೊಡ್ಡದಾಗಿ ಹಾಕಿದರು.

ಸಮಿತಿ ಕಾಗದವನ್ನು ಅಂಗೀಕರಿಸಿತು. ಆ ಮೇಲೆ ಅದರ ಮೂವರು ಸದಸ್ಯರು ಜೀಪಿನಲ್ಲಿ ಹೊಂಗೆಪಾಳ್ಯಕ್ಕೆ ಬಂದರು. ಗಂಗಾಧರಯ್ಯನವರು ಕಡತ ಹಿಡಿದು ಹಿಂದೆ ನಿಂತಿದ್ದರು. ಹಿರಿಯ ಸದಸ್ಯರು ಪಟ್ಟಿ ನೋಡಿ ಮೊದಲು ಕೇಳಿದ್ದು, "ಮುನಿವೆಂಕಟಮ್ಮ ಅಂದ್ರೆ ಯಾರಮ್ಮ? ಈ ಹೆಬ್ಬೆಟ್ಟು ನಿಂದೇನಾ?" ಎಂದು.

ಗಂಗಾಧರಯ್ಯನವರು ಕಡತದಿಂದ ತಲೆಯೆತ್ತಿದರು.

ಆಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಕೈ ಚಾಚಿದಳು. "ನಂದೇ ಸ್ವಾಮಿ. ಬೇಕಾದ್ರೆ ಇನ್ನೊಂದ್ಸಾರಿ ಒತ್ತೇನು. ಈವಯ್ಯ ಒಂಬತ್ತು ವರ್ಸ ಆದ್ಮ್ಯಾಕೆ ನಮ್ ಬಾಗಿಲ್ಗೆ ಬಂದು, 'ಅಕ್ಕಾ, ನೀನೇ ಮೊದ್ಲು ಒತ್ತು' ಅಂದ. ಅದಕ್ಕೇ ಒತ್ದೆ. ಕುಂಟೆಗೋಸ್ಕರ ಅಲ್ದಿದ್ರೆ ಇವನ ಮಕ ಯಾರ್ ನೋಡ್ತಿದ್ರು?"

ತಿಮ್ಮರಾಯಪ್ಪ ನೆಲ ನೋಡುತ್ತ ನಿಂತಿದ್ದ. ಅಷ್ಟರಲ್ಲಿ ದನಗಳ ಹಿಂಡು ಬಂದು, ಜೀಪನ್ನು ಬಳಸಿಕೊಂಡು ಹೋಗಿ ನೀರಿಗೆ ಬಾಯಿ ಹಾಕಿತು. ಸದಸ್ಯರು ಅದನ್ನು ನೋಡುತ್ತ ನಿಂತರು. ನಾಲ್ಕು ತಿಂಗಳ ಮೇಲೆ ಅಳತೆಯ ಕಲ್ಲುಗಳನ್ನು ಕಿತ್ತು ಇಪ್ಪತ್ತು ಗಜ ಆಚೆ ನೆಟ್ಟರು. ಅಲ್ಲಿ ರಸ್ತೆ ಈಗಲೂ ಒಂದು ಸುತ್ತು ಬಳಸಿ ಹೋಗುತ್ತದೆ.

ಆ ಕಟ್ಟುನಿಟ್ಟಿನವರು ಯಾರೆಂದು ತಿಮ್ಮರಾಯಪ್ಪ ಮತ್ತೆ ಕೇಳಲಿಲ್ಲ. ಕಡತ ಹಿಡಿದು ನಿಂತವರನ್ನು ಅವನು ಸದಸ್ಯರು ಬಂದ ದಿನವೇ ಕಂಡಿದ್ದ. ಮರುದಿನ ಹಾಲು ಅಳೆಯುವಾಗ ಮಾತ್ರ ಹೆಬ್ಬೆಟ್ಟನ್ನು ಪಾವಿನಿಂದ ಪೂರ್ತಿ ಆಚೆ ಇಟ್ಟ. ಲಕ್ಷ್ಮಿದೇವಮ್ಮನವರು ಗಾಬರಿಯಾಗಿ, "ಯಾಕಪ್ಪ, ಮೈಗೆ ಹುಷಾರಿಲ್ವಾ?" ಎಂದು ಕೇಳಿದರಂತೆ.

ಗಂಗಾಧರಯ್ಯನವರು ಪಿಂಚಣಿಗೆ ಬಂದು ಈಗ ಮೂರು ವರ್ಷವಾಯಿತು. ತಿಮ್ಮರಾಯಪ್ಪನಿಗೆ ಮಂಡಿನೋವು, ಮನೆಮನೆಗೆ ಹಾಲು ತರಲಾರ. ಆದ್ದರಿಂದ ಬೆಳಗಿನ ಆರು ಗಂಟೆಗೆ ಗಂಗಾಧರಯ್ಯನವರೇ ತಂಬಿಗೆ ಹಿಡಿದು, ಛತ್ರಿ ಊರಿಕೊಂಡು ಕುಂಟೆಯವರೆಗೆ ನಡೆಯುತ್ತಾರೆ. ಒಂದು ದಿನ ತಿಮ್ಮರಾಯಪ್ಪನ ಹಾಲು, ಮರುದಿನ ಮುನಿವೆಂಕಟಮ್ಮನ ಹಾಲು, ತಪ್ಪುವಂತಿಲ್ಲ. ಯಾರ ಸರದಿ ಎಂಬುದನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರುತ್ತಾರೆ. ಕಳೆದ ವಾರ ಮೇಷ್ಟರೂ ಜೊತೆಗೆ ಹೋಗಿದ್ದರು. ಸರದಿ ತಿಮ್ಮರಾಯಪ್ಪನದಾಗಿತ್ತು, ಆದರೆ ಅವನ ಹಸು ಒದ್ದು ಹಾಲೆಲ್ಲ ಚೆಲ್ಲಿತ್ತು.

"ಅಯ್ಯೋ, ನನ್ನತ್ರ ತಕ್ಕಳಿ ಸ್ವಾಮಿ," ಎಂದಳು ಮುನಿವೆಂಕಟಮ್ಮ, ತುಂಬಿದ ಪಾತ್ರೆ ಮುಂದೆ ಹಿಡಿದು.

"ನಿಂದು ನಾಳೆ ಕಣಮ್ಮ," ಎಂದು ಗಂಗಾಧರಯ್ಯನವರು ಖಾಲಿ ತಂಬಿಗೆಯನ್ನು ಕಲ್ಲಿನ ಮೇಲಿಟ್ಟು, ಸಂಜೆ ಹಾಲು ಕರೆಯುವುದು ಎಷ್ಟು ಗಂಟೆಗೆ ಎಂದು ತಿಮ್ಮರಾಯಪ್ಪನನ್ನು ವಿಚಾರಿಸತೊಡಗಿದರು.