ಚಿಲಕವಿಲ್ಲದ ಕಕ್ಕಸು

ಹೋದ ವಾರ ಅಪ್ಪ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ಒಳಗಿಂದ ಚಿಲಕ ಹಾಕಿತ್ತು, ಅರ್ಧ ಗಂಟೆ ಬಾಗಿಲು ತೆಗೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಬಡಗಿ ಭಯ್ಯಾ ಆ ಚಿಲಕ ಬಿಚ್ಚಿ ನನ್ನ ಕೈಗಿಟ್ಟ. ತುಕ್ಕಿನ ವಾಸನೆಗೆ ಗ್ರೇಟರ್ ನೋಯ್ಡಾದಾಚೆ ನಮಗಿದ್ದ ಜಮೀನು ನೆನಪಾಯಿತು.

ಅಪ್ಪ ಫೌಜಿನಲ್ಲಿ ಸಿಪಾಯಿಯಾಗಿದ್ದವರು. ನಾನು ಚಿಕ್ಕವಳಿದ್ದಾಗ ಆ ಜಮೀನಿನಲ್ಲಿ ಒಂದು ಗುಡಿಸಲು ಹಾಕಿ, ಭಾನುವಾರ ಬಂತೆಂದರೆ ನಮ್ಮನ್ನು ಎಳೆದುಕೊಂಡು ಹೋಗುತ್ತಿದ್ದರು. ಗುಡಿಸಲ ಹಿಂದೆ ಕಕ್ಕಸಿಗೆ ತಾವೇ ಗುಂಡಿ ತೋಡಿದರು, ಸುತ್ತ ತಗಡು ಹೊಡೆದರು, ಹಳೆಯ ಪೆಟ್ಟಿಗೆಯ ಹಲಗೆಯಿಂದ ಬಾಗಿಲು ಮಾಡಿದರು. ಚಿಲಕ ಮಾತ್ರ ಹಾಕಲಿಲ್ಲ.

“ಒಂದು ಚಿಲಕ ಹಾಕ್ಬಿಡ್ರೀ,” ಎಂದು ಅಮ್ಮ ಪ್ರತಿ ವಾರ ಕೇಳುತ್ತಿದ್ದಳು.

“ಫೌಜಲ್ಲಿ ನಮಗೆ ಬಾಗಿಲೇ ಇರ್ಲಿಲ್ಲ. ಮನೆಯವ್ರ ಹತ್ರ ಎಂಥ ನಾಚಿಕೆ?”

ಐದು ನಿಮಿಷ ದಾಟಿದರೆ ಹೊರಗಿನಿಂದ ವಿಸಲ್ ಊದುತ್ತಿದ್ದರು. ನಾನು ಕಾದ ತಗಡುಗಳ ನಡುವೆ ಕೂತು, ಒಂದು ಕೈಯಲ್ಲಿ ಬಾಗಿಲು ಎಳೆದು ಹಿಡಿದು, ಅವರಿಗೆ ಮನಸಾರೆ ಶಾಪ ಹಾಕುತ್ತಿದ್ದೆ. ಅಮ್ಮ ಶನಿವಾರ ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಿದ್ದಳು. ಅವಳು ಸಾಯುವವರೆಗೂ ಅಪ್ಪ ಅದನ್ನು ಗಮನಿಸಲಿಲ್ಲ.

ಬಡಗಿ ಹೋದ ಮೇಲೆ ಅಪ್ಪ ಮೆಲ್ಲಗೆ, “ಒಂದು ಸಣ್ಣ ಚಿಲಕ ಇರ್ಲಿ ಬಿಡಮ್ಮಾ,” ಎಂದರು.

“ಮನೆಯವ್ರ ಹತ್ರ ಎಂಥ ನಾಚಿಕೆ ಅಪ್ಪಾ?” ಎಂದೆ. ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಮಾತು.

ಈಗ ಸಂಜೆಯಾಗಿದೆ. ಬೆಳಗಿನ ಚಹಾ, ಮಧ್ಯಾಹ್ನದ ನೀರು, ಎರಡೂ ಅಪ್ಪನ ಮಂಚದ ಪಕ್ಕ ಮುಟ್ಟದೆ ಹಾಗೇ ಇವೆ.